ಎಣಿಸಿದರೆ ಹನ್ನೊಂದು

ಮೇಲಿನ ಶಿಬಿರ, ಅರುಣಾಚಲ
6 ನವೆಂಬರ್ 2023

ಅಕ್ಕ ಮಲ್ಲಕ್ಕನಿಗೆ ತಮ್ಮ ಪ್ರಭುಲಿಂಗನ ನಮಸ್ಕಾರ.

ಬಂದು ತಲುಪಿದೆ. ಮೂರು ರೈಲು, ಎರಡು ಜೀಪು, ಕೊನೆಗೆ ಅರ್ಧ ದಿನದ ನಡಿಗೆ. ಇಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಹೋದ ಸಲದ ಹಾಗೆ ವಾರಕ್ಕೊಮ್ಮೆ ರೇಷನ್ ಜೀಪಿನಲ್ಲಿ ಕೆಳಗಿಳಿಯುವ ಪತ್ರವೇ ಗತಿ. ಒಳ್ಳೆಯದೇ ಆಯಿತು ಬಿಡು. ಫೋನಿನಲ್ಲಾದರೆ "ಉಂಡ್ಯೇನಪ್ಪ, ಮಲಗಿದ್ಯಾ" ಎಂದು ಮುಗಿಸಿಬಿಡುತ್ತೀಯ. ಪತ್ರದಲ್ಲಿ ಬೈಯಲಿಕ್ಕಾದರೂ ಎರಡು ಪುಟ ಬರೆಯುತ್ತೀಯ.

ಕಾಡು ಹಾಗೇ ಇದೆ. ಮಳೆ ನಿಂತ ಮೇಲೂ ಎಲೆಗಳಿಂದ ಇನ್ನೊಂದು ಗಂಟೆ ಮಳೆ. ನಮ್ಮ ಮತ್ತೋಡಿನ ಬಯಲಲ್ಲಿ ನಿಂತರೆ ಒಂದು ಹರದಾರಿ ಆಚೆಯ ಕುರಿ ಹಿಂಡು ಕಾಣುತ್ತದೆ. ಇಲ್ಲಿ ಮಂಜು ಬಿದ್ದರೆ ಹತ್ತು ಹೆಜ್ಜೆ ಮುಂದಿನ ಮನುಷ್ಯ ಕಾಣುವುದಿಲ್ಲ. ಅಂಥ ಕಡೆ ಜನರನ್ನು ಕರೆದುಕೊಂಡು ಹೋಗಿ ಹಕ್ಕಿ, ಪ್ರಾಣಿ ತೋರಿಸಿ, ಹಾಗೇ ವಾಪಸ್ ತಂದು ಬಿಡುವುದು ನನ್ನ ಕೆಲಸ. ಹೆಸರಿಗೆ ಗೈಡ್. ನೀನು ಹೇಳುವ ಹಾಗೆ, ಮಾತಾಡುವ ಕುರಿ ಕಾಯುವವನು.

ಮೊದಲ ತಂಡದಲ್ಲಿ ಬಂದವರ ಕತೆ ಕೇಳು. ಒಬ್ಬರು ಜಿಗಣೆಗೆ ಹೆದರಿ ಹಾಸಿಗೆಯಲ್ಲೂ ಸಾಕ್ಸ್ ಬಿಚ್ಚುವುದಿಲ್ಲ, ಮೂಗು ನಮ್ಮ ಕರಿಮೂತಿ ಕುರಿಯ ಹಾಗೆ ಉದ್ದ. ಇಬ್ಬರು ಅಕ್ಕತಂಗಿಯರು ದಾರಿಯುದ್ದಕ್ಕೂ ಜಗಳ, ಹಕ್ಕಿ ಕಂಡ ಕೂಡಲೇ ಕೈ ಕೈ ಹಿಡಿದುಕೊಳ್ಳುತ್ತಾರೆ. ಒಬ್ಬ ಡಾಕ್ಟರು, ಎಡಗೆನ್ನೆಯಲ್ಲಿ ಗುಳಿ, ನಗದಿದ್ದರೂ ನಕ್ಕ ಹಾಗೆ ಕಾಣುತ್ತಾರೆ.

ಹೊಸ ಮ್ಯಾನೇಜರು ಬಂದಿದ್ದಾರೆ, ಪ್ರಸನ್ನಕುಮಾರ್ ಅಂತ. ಹೊರಡುವಾಗ, ನಡುವೆ, ಇಳಿಯುವ ಮುಂಚೆ ಮೂರು ಸಲ ತಲೆ ಎಣಿಸಿ ಪುಸ್ತಕದಲ್ಲಿ ಬರೆಯಬೇಕಂತೆ. "ಸಾರ್, ನಮ್ಮನೇಲಿ ಎಣಿಸಲ್ಲ. ಒಬ್ಬೊಬ್ಬರ ಮುಖ ನೋಡ್ತೀವಿ" ಎಂದೆ. "ಇವರೇನು ನಿಮ್ಮ ಕುರಿಗಳೇನ್ರೀ?" ಎಂದು ನಕ್ಕರು.

ಇದೇ ಕೊನೆಯ ಸೀಸನ್ ಅಕ್ಕ. ಯುಗಾದಿಗೆ ಬರುತ್ತೇನೆ, ಇದು ಮಾತು. ಮೂರು ವರ್ಷದಿಂದ ಹಿಂಡು ನಿನ್ನ ಮೇಲೆ ಹಾಕಿ ಬಂದಿದ್ದೇನೆ. ಬಂದ ಮೇಲೆ ಹಿಂಡು ನನಗೆ ಬಿಡು. ರಜೆಯ ದಿನ ಹಿರಿಯೂರಿನ ರಶೀದ್ ಸಾಹೇಬರ ಜೊತೆ ಜನರನ್ನು ಜೋಗಿಮಟ್ಟಿಗೆ, ಮಾರಿಕಣಿವೆಗೆ ಕರೆದೊಯ್ಯುತ್ತೇನೆ. ನನಗೆ ಹಕ್ಕಿ ನೋಡುವ ಹುಚ್ಚು ಹಿಡಿಸಿದವರೇ ಅವರಲ್ಲವೇ, ಅವರಿಗೂ ಖುಷಿ.

ನಿನ್ನ ಬೈಗುಳ ಕಾಯುವ,
ಪ್ರಭು

ಮತ್ತೋಡು
27 ನವೆಂಬರ್ 2023

ಪ್ರಭುವಿಗೆ ಅಕ್ಕನ ಆಶೀರ್ವಾದ.

ಎಣಿಸಬೇಡ. ಮ್ಯಾನೇಜರಿಗೆ ಗೊತ್ತಿಲ್ಲ, ನಿನಗೂ ಗೊತ್ತಿಲ್ಲವೇ? ಸಾಯುವ ವರ್ಷದವರೆಗೂ ಅಪ್ಪ ರೊಪ್ಪದ ಬಾಗಿಲಲ್ಲಿ ನಿಂತು ಒಳಗೆ ಹೋಗುವ ಒಂದೊಂದು ಕುರಿಯ ಮುಸುಡಿ ನೋಡಿ ಹೆಸರು ಹೇಳುತ್ತಿದ್ದ. "ಎಣಿಸ್ದೋನಿಗೆ ಲೆಕ್ಕ ಸಿಕ್ತೈತೆ, ನೋಡ್ದೋನಿಗೆ ಕುರಿ ಸಿಕ್ತೈತೆ" ಅನ್ನುತ್ತಿದ್ದ. ನಮ್ಮ ಮನೆಯಲ್ಲಿ ಎಣಿಸುವುದು ಒಂದೇ ಸಲ, ಕಳೆದುಹೋದ ಮೇಲೆ. ಮೊದಲೇ ಎಣಿಸಿದರೆ ಕಳೆಯಲಿ ಎಂದು ಕರೆದ ಹಾಗೆ.

ಚುಕ್ಕಿ ಚೊಚ್ಚಲ ಈದಿದೆ. ಮರಿಯ ಹಣೆಯ ಮೇಲೂ ತಾಯಿಯದೇ ಚುಕ್ಕಿ. ನೀನು ಬಾಟಲಿ ಹಾಲು ಕುಡಿಸಿ ಬೆಳೆಸಿದ ಮೋಟುಕಿವಿ ಈಗ ಮುದುಕಿ, ಎಲ್ಲರಿಗಿಂತ ಹಿಂದೆ ಬರುತ್ತಾಳೆ, ಬಾಗಿಲಲ್ಲಿ ನಿಂತು ನಿನ್ನನ್ನು ಹುಡುಕುತ್ತಾಳೆ. ನಾನೇನು ಮಾಡಲಿ? "ನಿಮ್ಮಪ್ಪ ಬೆಟ್ಟ ಹತ್ಯಾನೆ, ಒಳಾಕ್ ನಡಿಯೇ" ಅನ್ನುತ್ತೇನೆ.

ರಶೀದ್ ಸಾಹೇಬರು ಹೋದ ವಾರ ಬಂದಿದ್ದರು. ಗಡಿಯಾರ ರಿಪೇರಿ ಅಂಗಡಿ ಮಗನಿಗೆ ಬಿಟ್ಟು ಈಗ ಬರೀ ಹಕ್ಕಿ ನೋಡುತ್ತಾರಂತೆ. ನಿನ್ನ ದಾರಿ ಕಾಯುತ್ತಿದ್ದಾರೆ.

ನನ್ನದೇನೂ ವಿಶೇಷವಿಲ್ಲ. ಮೊಣಕಾಲಿಗೆ ಪೆಟ್ಟಾಗಿತ್ತು, ವಾಸಿಯಾಯಿತು. ಬಾಗಿಲ ಕಲ್ಲನ್ನು ಯಾರೋ ಸರಿಸಿದ್ದಾರೆ ಅನ್ನಿಸುತ್ತದೆ. ಈ ವರ್ಷ ನಮ್ಮೂರಲ್ಲಿ ಬಹಳ ಬೇಗ ಕತ್ತಲಾಗುತ್ತಿದೆ. ಬೆಳಗಿನಿಂದ ಸಂಜೆಯವರೆಗೆ ಕುರಿಗಳ ಜೊತೆ ಮಾತು, ಮನೆಗೆ ಬಂದರೆ ಆಡಲು ಮಾತೇ ಉಳಿದಿರುವುದಿಲ್ಲ, ಉಳಿದರೂ ಕೇಳುವವರಿಲ್ಲ. ಯುಗಾದಿ ಎಂದಿದ್ದೀಯ. ಹೊಸ ವರ್ಷದ ಕ್ಯಾಲೆಂಡರಿನಲ್ಲಿ ಸುಣ್ಣದಿಂದ ಗುಂಡಗೆ ಗುರುತು ಹಾಕಿದ್ದೇನೆ.

ಮಲ್ಲಕ್ಕ

ಮೇಲಿನ ಶಿಬಿರ
20 ಜನವರಿ 2024

ಅಕ್ಕನಿಗೆ,

ಮಂಗಟ್ಟೆ ಹಕ್ಕಿ ನೋಡಿದೆವು. ಮೊರದಷ್ಟು ರೆಕ್ಕೆ, ಹಾರಿದರೆ ತಲೆಯ ಮೇಲೆ ರೈಲು ಹೋದ ಸದ್ದು. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಮರದ ಪೊಟರೆಯೊಳಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತದೆ. ಒಂದೇ ಒಂದು ಸೀಳು. ಮೂರು ನಾಲ್ಕು ತಿಂಗಳು ಗಂಡೇ ಹಣ್ಣು ತಂದು ಆ ಸೀಳಿನಲ್ಲಿ ಉಣಿಸುತ್ತದೆ. ಇದನ್ನು ಊರಲ್ಲಿ ಹೇಳಬೇಡ, ಗಂಡಸರಿಗೆ ಕಷ್ಟ.

ಎಣಿಸುವುದರ ಬಗ್ಗೆ ಸಿಟ್ಟಾಗಬೇಡ. ಪುಸ್ತಕ ಬರೆಯದಿದ್ದರೆ ಸೀಸನ್ ನಡುವೆಯೇ ಕಳಿಸುತ್ತೇನೆ ಎಂದರು ಮ್ಯಾನೇಜರು. ಈಗ ಅಭ್ಯಾಸವಾಗಿದೆ. ನಿಜ ಹೇಳಲೇ, ಎಣಿಸುವುದು ಸುಲಭ. ಮುಖ ನೋಡುವುದೆಂದರೆ ಒಬ್ಬೊಬ್ಬರನ್ನೂ ಮನಸ್ಸಿನೊಳಗೆ ಇಟ್ಟುಕೊಳ್ಳಬೇಕು, ಸಂಜೆ ಹೊತ್ತಿಗೆ ತಲೆ ಭಾರ. ಎಣಿಸಿದರೆ ಮುಗಿಯಿತು.

ಮೋಟುಕಿವಿಗೆ ಹೇಳು, ಇನ್ನು ಎರಡೂವರೆ ತಿಂಗಳು.

ಪ್ರಭು

ಮೇಲಿನ ಶಿಬಿರ
3 ಮಾರ್ಚ್ 2024

ಅಕ್ಕನಿಗೆ,

ಕ್ಷೇಮ. ಫೆಬ್ರವರಿಯಲ್ಲಿ ಹನ್ನೊಂದು ಜನರ ತಂಡ ಬಂದು ಹೋಯಿತು. ಹವೆ ಸರಿಯಿರಲಿಲ್ಲ.

ಯುಗಾದಿಗೆ ಬರಲಾಗುವುದಿಲ್ಲ. ಮಳೆಗಾಲದಲ್ಲೂ ಇಲ್ಲೇ ಇದ್ದು ದಾರಿ ಸವರುವ ಕೆಲಸ ಒಪ್ಪಿಕೊಂಡಿದ್ದೇನೆ. ಯಾವಾಗ ಬರುತ್ತೇನೆಂದು ಈಗ ಹೇಳಲಾರೆ. ಬೇಸರ ಮಾಡಿಕೊಳ್ಳಬೇಡ.

ಪ್ರಭುಲಿಂಗ

ಮತ್ತೋಡು
22 ಮಾರ್ಚ್ 2024

ಪ್ರಭು,

ಬರುವುದಿಲ್ಲ ಅಂದೆ. ಆಯಿತು.

ಅಲ್ಲಿ ಯಾರಾದರೂ ಸಿಕ್ಕಿದ್ದರೆ ನೇರ ಹೇಳು. ತಪ್ಪೇನಿಲ್ಲ. ಕುರಿ ಕಂಡರೆ ಮೂಗು ಮುಚ್ಚಿಕೊಳ್ಳುತ್ತಾಳಾ, ಅಷ್ಟು ತಿಳಿಸು ಸಾಕು.

ಒಬ್ಬಳಿಗೇ ಹೋಳಿಗೆ ಮಾಡುವುದಿಲ್ಲ.

ಮಲ್ಲಕ್ಕ

ಮೇಲಿನ ಶಿಬಿರ
2 ಮೇ 2024

ಅಕ್ಕನಿಗೆ,

ನಿನ್ನ ಪತ್ರ ತಡವಾಗಿ ಸಿಕ್ಕಿತು. ಎರಡು ಪುಟ ಬೈಯುವವಳು ನಾಲ್ಕು ಮಾತು ಬರೆದಿದ್ದೀಯ, ಒಂದೊಂದು ಅಕ್ಷರ ಹೆಬ್ಬೆರಳ ಗಾತ್ರ, ಸಾಲಿನ ಮೇಲೆ ಸಾಲು ಹತ್ತಿದೆ. ಇಷ್ಟು ಸಿಟ್ಟೇ ನನ್ನ ಮೇಲೆ? ಎದುರಿಗೆ ನಿಂತು ಕೂಗಿದ ಹಾಗಿತ್ತು.

ಯಾವ ಹೆಣ್ಣೂ ಇಲ್ಲ. ಸೀಸನ್ ಮುಗಿದು ಎಲ್ಲರೂ ಕೆಳಗಿಳಿದಿದ್ದಾರೆ. ಶಿಬಿರದಲ್ಲಿ ನಾನು ಮತ್ತು ಕಾವಲಿನ ಮುದುಕ ಇಬ್ಬರೇ. ಅವನ ಭಾಷೆ ನನಗೆ ಬರದು, ನನ್ನದು ಅವನಿಗೆ ಬರದು. ಒಲೆಯ ಎರಡು ಕಡೆ ಕೂತು ಉಣ್ಣುತ್ತೇವೆ. ಕನ್ನಡ ಮಾತಾಡಿ ಎಷ್ಟು ದಿನವಾಯಿತೋ. ಬೆಳಿಗ್ಗೆ ಎದ್ದು ಕಾಡಿಗೆ ಹೋಗುತ್ತೇನೆ, ಬೆಳಕಿರುವಾಗ ಬರುತ್ತೇನೆ. ಇವತ್ತಿಗೆ ಎಪ್ಪತ್ತೆಂಟು ದಿನವಾಯಿತು.

ಹಿಂಡು ನಿನಗೆ ಭಾರವಾದರೆ ಮಾರಿಬಿಡು. ನಾನು ಕಾಯುವುದಕ್ಕೆ ಲಾಯಕ್ಕಿನವನಲ್ಲ.

ಪ್ರಭುಲಿಂಗ

ಮತ್ತೋಡು
5 ಜೂನ್ 2024

ಪ್ರಭು,

ನಿನ್ನ ಪತ್ರಗಳನ್ನೆಲ್ಲ ಸಾಲಾಗಿ ಓದಿಸಿ ಕೇಳಿದೆ. ಮೊದಲು ಬಂದವರಲ್ಲಿ ಕರಿಮೂತಿ ಇದ್ದ, ಜಗಳಗಂಟಿಯರಿದ್ದರು, ಕೆನ್ನೆಯಲ್ಲಿ ಗುಳಿಯವನಿದ್ದ. ಆಮೇಲೆ ಬಂದವರಿಗೆ ಮುಖವೇ ಇಲ್ಲ. ಬರೀ ಹನ್ನೊಂದು.

ಯಾರನ್ನು ಕಳೆದುಕೊಂಡೆ?

ಲೆಕ್ಕ ಬೇಡ. ಮುಖ ಹೇಳು.

ಅಕ್ಕ

ಮೇಲಿನ ಶಿಬಿರ
8 ಜುಲೈ 2024

ಅಕ್ಕ,

ನಿನ್ನ ಪತ್ರ ಸಿಕ್ಕಿ ಹತ್ತು ದಿನವಾಯಿತು. ದಿನಾ ಬರೆಯಲು ಕೂರುತ್ತೇನೆ, ದಿನಾ ಏಳುತ್ತೇನೆ. ಇವತ್ತು ಬರೆದೇ ಏಳುತ್ತೇನೆ.

ಫೆಬ್ರವರಿ 14, ಮಧ್ಯಾಹ್ನ. ಬೆಟ್ಟದ ನೆತ್ತಿಗೆ ಹತ್ತುತ್ತಿದ್ದೆವು. ಮಂಜು ಬಿತ್ತು. ಎಲ್ಲರ ಮೈಮೇಲೂ ಶಿಬಿರದಿಂದ ಕೊಟ್ಟ ಒಂದೇ ನಮೂನೆಯ ನೀಲಿ ರೈನ್‌ಕೋಟು, ತಲೆಗೆ ಅದರದೇ ಟೋಪಿ. ನೆತ್ತಿಯ ಮೇಲೆ ನಿಲ್ಲಿಸಿ ಎಣಿಸಿದೆ. ಹನ್ನೊಂದು. ಪುಸ್ತಕದಲ್ಲಿ ಬರೆದೆ. ಇಳಿಯುವಾಗ ಮತ್ತೆ ಎಣಿಸಿದೆ. ಹನ್ನೊಂದು. ಶಿಬಿರಕ್ಕೆ ಬಂದು ಎಲ್ಲರೂ ಒಲೆಯ ಮುಂದೆ ಟೋಪಿ ತೆಗೆದರು. ಕೊನೆಯವನು ನಮ್ಮವನಲ್ಲ. ಕೆಳಗಿನ ಶಿಬಿರದ ಅಡುಗೆಯವನು. ಮಂಜಿನಲ್ಲಿ ಒಬ್ಬನೇ ಇಳಿಯಲು ಹೆದರಿ, ನೆತ್ತಿಯ ಹತ್ತಿರ ನಮ್ಮ ಸಾಲಿನ ಹಿಂದೆ ಸೇರಿಕೊಂಡಿದ್ದನಂತೆ. ಅದೇ ನೀಲಿ ಕೋಟು.

ನಮ್ಮವರು ರಘುನಾಥ್ ಅಂತ. ಅವರು ನೆತ್ತಿಗೆ ಬಂದೇ ಇರಲಿಲ್ಲ.

ಆಗಲೇ ಓಡಿದೆವು. ಆಮೇಲೆ ಪೊಲೀಸರು, ಸೈನಿಕರು, ಈ ಕಾಡನ್ನು ಅಂಗೈಯ ಹಾಗೆ ಬಲ್ಲ ಇಲ್ಲಿಯ ಜನ, ಎಲ್ಲ ಸೇರಿ ಹದಿನಾಲ್ಕು ದಿನ ಹುಡುಕಿದರು. ಸಿಕ್ಕಿದ್ದು ಅವರ ಊರುಗೋಲು ಒಂದೇ, ತೊರೆಯ ಪಕ್ಕದ ಜಾರಿನಲ್ಲಿ. ಎಲ್ಲರೂ ನಿಲ್ಲಿಸಿದರು. ನಾನು ನಿಲ್ಲಿಸಲಿಲ್ಲ. ದಾರಿ ಸವರುವ ಕೆಲಸ ಎಂದು ನಿನಗೆ ಬರೆದದ್ದು ಸುಳ್ಳು. ಯಾರೂ ಆ ಕೆಲಸ ಕೊಟ್ಟಿಲ್ಲ.

ವಿಚಾರಣೆಯಲ್ಲಿ ನನ್ನ ಪುಸ್ತಕ ನೋಡಿದರು. ಮೂರು ಎಣಿಕೆ, ಮೂರೂ ಸರಿ. "ನಿಮ್ಮದೇನೂ ತಪ್ಪಿಲ್ಲ" ಎಂದರು. ಕಾಗದದ ಪ್ರಕಾರ ನಾನು ಯಾರನ್ನೂ ಕಳೆದುಕೊಂಡಿಲ್ಲ ಅಕ್ಕ. ಯಾರಾದರೂ ಎರಡು ಏಟು ಹೊಡೆದಿದ್ದರೆ ಊರಿಗೆ ಬರುತ್ತಿದ್ದೆನೇನೋ.

ಅವರ ಹೆಂಡತಿ ಸುಮಾ ಎಂಬುವರು ಬಂದಿದ್ದರು. ಅಳಲಿಲ್ಲ. "ಕೊನೇಲಿ ನೋಡಿದಾಗ ಹೇಗಿದ್ರು?" ಎಂದು ಒಂದೇ ಮಾತು ಕೇಳಿದರು. ನಾನು ಬಾಯಿ ತೆರೆದೆ. "ನೀಲಿ ರೈನ್‌ಕೋಟು" ಎಂದೆ. ಆರು ದಿನ ನನ್ನ ಹಿಂದೆ ನಡೆದ ಮನುಷ್ಯನ ಮುಖ ನನ್ನ ಹತ್ತಿರ ಇರಲಿಲ್ಲ. ಅವರು ತಲೆಯಾಡಿಸಿ ಎದ್ದು ಹೋದರು. ಅದನ್ನು ಮರೆಯಲಾಗುತ್ತಿಲ್ಲ.

ನೀನು ಮುಖ ಹೇಳು ಎಂದೆ. ಹತ್ತು ದಿನದಿಂದ ಕಾಡಿನಲ್ಲಿ ಅದನ್ನೇ ಹುಡುಕುತ್ತಿದ್ದೇನೆ. ಸ್ವಲ್ಪ ಸ್ವಲ್ಪವಾಗಿ ಬಂದಿದೆ. ಬರೆಯುತ್ತೇನೆ, ಕೇಳು.

ವಯಸ್ಸು ಅರವತ್ತೈದರ ಮೇಲೆ. ಶಾಲೆಯಲ್ಲಿ ಸಂಗೀತದ ಮೇಷ್ಟ್ರಾಗಿದ್ದವರು. ಎಡಹುಬ್ಬು ಪೂರಾ ಬಿಳಿ, ಇನ್ನೊಂದು ಕಪ್ಪು. ಕಿವಿ ದೊಡ್ಡವು, ಕಿವಿಯೊಳಗೆ ಕೂದಲು. ಗದ್ದದ ಮೇಲೆ ಕ್ಷೌರದ ಗಾಯ, ಅದಕ್ಕೊಂದು ಚೂರು ಪೇಪರ್ ಅಂಟಿಸಿಕೊಂಡು ಮರೆತುಬಿಡುತ್ತಿದ್ದರು. ಹಕ್ಕಿಯನ್ನು ಕಣ್ಣಿನಿಂದ ನೋಡುತ್ತಲೇ ಇರಲಿಲ್ಲ. ಎಲ್ಲರೂ ದುರ್ಬೀನು ಎತ್ತಿದರೆ ಇವರು ಕಣ್ಣು ಮುಚ್ಚಿ, ಬಾಯಿ ಅರ್ಧ ತೆರೆದು, ತಲೆ ಒಂದು ಕಡೆ ವಾಲಿಸಿ ಕೇಳುತ್ತಿದ್ದರು. ಅದಕ್ಕೇ ಹಿಂದೆ ಉಳಿಯುತ್ತಿದ್ದರು. "ಏನಪ್ಪಾ, ನಿಮ್ಮ ಕಡೆ ಕುರಿ ಹೇಗೆ ಕರೀತಾರೆ?" ಎಂದು ಒಮ್ಮೆ ಕೇಳಿದರು. ಅಪ್ಪನ ಸಿಳ್ಳೆ ಹಾಕಿ ತೋರಿಸಿದೆ. ತಾವೂ ಹಾಕಲು ಹೋದರು, ಬರೀ ಗಾಳಿ ಬಂತು. ಮಕ್ಕಳ ಹಾಗೆ ನಕ್ಕರು. ಮುಂದಿನ ಒಂದು ಹಲ್ಲು ಮುರಿದಿತ್ತು.

ಈಗ ದಿನಾ ಆ ಸಿಳ್ಳೆ ಹಾಕುತ್ತಾ ಕಾಡಿನಲ್ಲಿ ತಿರುಗುತ್ತೇನೆ. ಒಂಟಿಯಾಗಿದ್ದೇನೆ ಅಕ್ಕ. ಬಹಳ ಒಂಟಿಯಾಗಿದ್ದೇನೆ. ಆದರೆ ಅವರನ್ನು ಬಿಟ್ಟು ಇಳಿದು ಬರುವುದು ಹೇಗೆ? ಒಮ್ಮೆ ಬಿಟ್ಟು ಇಳಿದಾಯಿತಲ್ಲ.

ಇನ್ನೊಂದು ಕೇಳಬೇಕು. 'ಓದಿಸಿ ಕೇಳಿದೆ' ಎಂದು ಯಾಕೆ ಬರೆದೆ? ನೀನೇ ಯಾಕೆ ಓದಲಿಲ್ಲ?

ಪ್ರಭು

ಮತ್ತೋಡು
2 ಆಗಸ್ಟ್ 2024

ಪ್ರಭುಲಿಂಗನಿಗೆ,

ಇದನ್ನು ಬರೆಯುತ್ತಿರುವವನು ಅಂಚೆಯ ಕಾಟಲಿಂಗಪ್ಪ. ನಿನ್ನ ಪತ್ರಗಳನ್ನು ಅಕ್ಕನಿಗೆ ಓದಿ ಹೇಳಿದ್ದೂ ನಾನೇ. ಅಕ್ಕ ಎದುರಿಗೆ ಕೂತು ಹೇಳುತ್ತಿದ್ದಾರೆ, ಒಂದಕ್ಷರ ತಿದ್ದಬಾರದೆಂದು ಆಣೆ ಹಾಕಿಸಿದ್ದಾರೆ. ಹೇಳಿದ್ದು ಹೇಳಿದ ಹಾಗೇ ಬರೆಯುತ್ತೇನೆ.

"ಪ್ರಭು, ನನ್ ಕಣ್ ಹೋಗ್ತಾ ಅವೆ ಕಣಪ್ಪ. ಎರಡ್ ವರ್ಸ ಆತು. ಸುತ್ತ ಎಲ್ಲಾ ಕಪ್ಪು, ನಡುವೆ ಮಾತ್ರ ಒಂದ್ ಬಿಲ್ಲೆಯಷ್ಟು ಕಾಣ್ತೈತೆ. ಬಾಗಿಲ ಕಲ್ಲು ಯಾರೂ ಸರಿಸಿರ್ಲಿಲ್ಲ. ಊರಾಗೆ ಬೇಗ ಕತ್ತಲೂ ಆಗ್ತಿರ್ಲಿಲ್ಲ. ರಶೀದ್ ಸಾಹೇಬ್ರು ನಾನು ಕಂಬಕ್ಕೆ ಡಿಕ್ಕಿ ಹೊಡೆಯೋದು ನೋಡಿ ಚಿತ್ರದುರ್ಗದ ಡಾಕ್ಟ್ರತ್ರ ಕರ್ಕಂಡ್ ಹೋದ್ರು. ಹೋದದ್ದು ಬರಕಿಲ್ಲಂತೆ. ಇರೋದು ಉಳ್ಸ್ಕಬೇಕು ಅಂತ ದಿನಾ ಡ್ರಾಪ್ಸ್ ಬಿಡ್ತೀನಿ. ಅಕ್ಷರ ದಪ್ಪ ಬರ್ದಿದ್ದು ಸಿಟ್ಟಿಗಲ್ಲ ಲೇ, ಸಣ್ಣಕ್ ಬರ್ದ್ರೆ ನಂಗೇ ಕಾಣ್ತಿರ್ಲಿಲ್ಲ. ಸಿಟ್ಟೂ ಇತ್ತು, ಸುಳ್ಳ್ಯಾಕೆ.

"ಯಾಕ್ ಹೇಳ್ಲಿಲ್ಲ ಅಂತೀಯ. ಹೇಳಿದ್ರೆ ನೀನು ಬಿಟ್ಟು ಬರ್ತಿದ್ದೆ. ಬಂದು ಜೀವಮಾನಪೂರ್ತಿ ಆ ಬೆಟ್ಟದ ಕಡೆ ಮುಖ ಮಾಡ್ಕಂಡ್ ಕುಂತ್ಕಂತಿದ್ದೆ.

"ಈಗ ನನ್ ತಪ್ಪು ಕೇಳು. ಮುಸುಡಿ ಕಾಣ್ದಂಗಾದ್ ಮ್ಯಾಲೆ ನಾನೂ ಎಣ್ಸಾಕ್ ಸುರು ಮಾಡ್ದೆ. ಬಾಗ್ಲಾಗೆ ಕುಂತು, ಒಳಾಕ್ ಹೋಗೋ ಒಂದೊಂದರ ಬೆನ್ನು ಮುಟ್ಟಿ ಎಣ್ಸಾದು. ಎಷ್ಟು ಅಂತ ಬರೀಬ್ಯಾಡ ಕಾಟಲಿಂಗಣ್ಣ, ಸುಮ್ಕಿರು. ಮೇ ತಿಂಗಳಾಗೆ ಒಂದಿನ ಲೆಕ್ಕ ಸರಿ ಬಂತು. ಬಾಗ್ಲು ಹಾಕಿ ಮಲಗ್ದೆ. ಬೆಳಗಾನ ಪಕ್ಕದ ರೊಪ್ಪದ ಎರ್ರಿಸ್ವಾಮಿ ಬಂದು 'ನಮ್ಮ ಕುರಿ ನಿಮ್ ರೊಪ್ಪದಾಗ್ ಐತಲ್ಲವ್ವ' ಅಂದ. ಅವನ್ದು ಒಂದು ಬೆರ್ತ್ಕಂಡ್ ಬಂದಿತ್ತು. ನಮ್ದೊಂದು ಹೊರಗೇ ಉಳ್ದಿತ್ತು. ಯಾವುದು ಅಂತ ಕೇಳ್ಬ್ಯಾಡ, ನಿಂಗೆ ಗೊತ್ತು, ಎಲ್ಲಾರ್ಗಿಂತ ಹಿಂದ್ ಬರೋಳು. ಹಳ್ಳದ್ ದಂಡ್ಯಾಗೆ ತೋಳ ಹಿಡ್ದಿತ್ತು.

"ಮೋಟುಕಿವಿನೂ ನಿನ್ ಮೇಷ್ಟ್ರೂ ಒಂದೇ ಅಂತಲ್ಲಪ್ಪ. ಮನುಷ್ಯನ್ ಜೀವ ಬ್ಯಾರೆ. ಆದ್ರೆ ತಪ್ಪು ಒಂದೇ. ನಂಗೆ ಕಣ್ಣಿಲ್ದೆ ಆತು, ನಿಂಗೆ ಕಣ್ಣಿದ್ದೂ ಆತು. ಅದನ್ನ ನಾ ಸುಳ್ಳು ಮಾಡಾಕಿಲ್ಲ. ಎರಡ್ ಏಟು ಬೇಕು ಅಂದ್ಯಲ್ಲ, ಬಾ, ನಾ ಹೊಡಿತೀನಿ.

"ನೀನು ಬರ್ದ ಮುಖ ಕೇಳ್ದೆ. ಬಿಳೇ ಹುಬ್ಬು, ಮುರ್ದ ಹಲ್ಲು, ಗದ್ದದ ಮ್ಯಾಲಿನ ಪೇಪರ್ ಚೂರು. ಕಾಟಲಿಂಗಣ್ಣ ಎರಡ್ ಸಲ ಓದ್ದ. ನಂಗೀಗ ಅವ್ರು ಕಾಣ್ತಾರೆ, ನಿನಗಿಂತ ಚೆನ್ನಾಗಿ. ಆದ್ರೆ ಆ ಮುಖ ನಂದಲ್ಲ, ಆ ಹೆಣ್ಮಗಳ್ದು. ಅವ್ಳು ಕೇಳಿದ್ದು ಅದನ್ನೇ. ಅದನ್ನ ಅವ್ಳಿಗೆ ಕಳ್ಸು. ಕಾಡಾಗೆ ಸಿಳ್ಳೆ ಹೊಡ್ಕಂಡು ತಿರುಗೋದು ಆಮ್ಯಾಲೆ. ಕಳ್ಸಿ, ಅವ್ಳು ಏನಂತಾಳೋ ಕೇಳಿ, ಬಾ.

"ಹಿಂಡು ಮಾರಿಲ್ಲ. ಎರ್ರಿಸ್ವಾಮಿ ಕೇಳ್ದ, ಕೊಡ್ಲಿಲ್ಲ. ಆದ್ರೆ ದಿನಾ ಸಂಜೆ ಬಾಗ್ಲಾಗ್ ಕುಂತಾಗ ಭಯ ಆಗ್ತೈತೆ ಪ್ರಭು. ನಂಗ್ಯಾವತ್ತೂ ಭಯ ಆಗಿರ್ಲಿಲ್ಲ."

ಇಲ್ಲಿಗೆ ನಿಲ್ಲಿಸು ಎಂದರು. ಸಹಿ ತಾವೇ ಹಾಕುತ್ತೇನೆ ಎನ್ನುತ್ತಿದ್ದಾರೆ.

ಮ ಲ್ಲ ಕ್ಕ

ಮೇಲಿನ ಶಿಬಿರ
15 ಸೆಪ್ಟೆಂಬರ್ 2024

ಅಕ್ಕ,

ಕಾಟಲಿಂಗಣ್ಣ, ಇದನ್ನು ನಿಧಾನವಾಗಿ ಓದಿ ಹೇಳು.

ನಿನ್ನ ಸಹಿ ಹಾಳೆಯಿಂದ ಆಚೆಗೆ ಹೋಗಿದೆ, ಕೊನೆಯ ಅಕ್ಷರ ಅರ್ಧ ಮಾತ್ರ ಇದೆ. ಅದನ್ನು ನೋಡಿ ಅತ್ತೆ. ಕಾವಲಿನ ಮುದುಕ ಟೀ ಮಾಡಿ ತಂದು ಪಕ್ಕದಲ್ಲಿಟ್ಟ. ನಿನ್ನ ಅಕ್ಷರ ನೋಡಿ ಸಿಟ್ಟು ಎಂದುಕೊಂಡೆನಲ್ಲ, ನನ್ನ ಕಣ್ಣಿಗೇನಾಗಿತ್ತು?

ರಘುನಾಥ್ ಅವರ ಮುಖದ ಪುಟವನ್ನು ಹಾಗೇ ನಕಲು ಮಾಡಿ ಸುಮಾ ಅವರಿಗೆ ಕಳಿಸಿದೆ. ಎಣಿಸಿದ್ದನ್ನೂ, ಮುಖ ನೋಡದೆ ಹೋದದ್ದನ್ನೂ ಬರೆದೆ. ನಿನ್ನೆಯ ಜೀಪಿನಲ್ಲಿ ಉತ್ತರ ಬಂತು. ಇಷ್ಟೇ ಇತ್ತು:

"ಬಿಳಿ ಇದ್ದದ್ದು ಎಡಹುಬ್ಬಲ್ಲ, ಬಲಹುಬ್ಬು. ಎದುರಿಗೆ ನಿಂತವರಿಗೆ ಎಡಕ್ಕೆ ಕಾಣುತ್ತದೆ. ಹಾಗಾದರೆ ನೀವು ಅವರನ್ನು ಎದುರಿಗೆ ನಿಂತು ನೋಡಿದ್ದೀರಿ. ಉಳಿದದ್ದೆಲ್ಲ ಅವರೇ. ಗದ್ದದ ಮೇಲಿನ ಪೇಪರಿಗೆ ನಲವತ್ತು ವರ್ಷ ಬೈದಿದ್ದೇನೆ. ನೀವು ಊರಿಗೆ ಹೋಗಿ."

ಕ್ಷಮಿಸಿದ್ದೇನೆ ಎಂದು ಬರೆದಿಲ್ಲ. ನಾನೂ ಕೇಳಿರಲಿಲ್ಲ.

ಇವತ್ತು ನೆತ್ತಿ ಹತ್ತಿದೆ. ಮಂಜಿರಲಿಲ್ಲ. ಬೆಟ್ಟದ ಮೇಲೆ ಬೆಟ್ಟ ಕೊನೆಯವರೆಗೂ ಕಾಣುತ್ತಿತ್ತು. ಅಪ್ಪನ ಸಿಳ್ಳೆ ಹಾಕಿದೆ. ಕಾದೆ. ಇನ್ನೊಮ್ಮೆ ಹಾಕಿದೆ. ಎಲ್ಲೋ ಒಂದು ಮಂಗಟ್ಟೆ ಹಾರಿತು, ಅಷ್ಟೇ. ಉತ್ತರ ಬರುವುದಿಲ್ಲವೆಂದು ನನಗೆ ಎಂದೋ ಗೊತ್ತಿತ್ತು, ಆದರೂ ದಿನಾ ಹೋಗುತ್ತಿದ್ದೆ. "ಮೇಷ್ಟ್ರೇ, ನಾನು ಇಳಿತೀನಿ" ಎಂದು ಜೋರಾಗಿ ಹೇಳಿ ಇಳಿದೆ.

ಮುಂದಿನ ಜೀಪಿಗೆ ಹೊರಡುತ್ತೇನೆ. ಅಕ್ಟೋಬರ್ ಮೊದಲ ವಾರ ಒಂದು ಸಂಜೆ, ಹಿಂಡು ಬರುವ ಹೊತ್ತಿಗೆ ಬರುತ್ತೇನೆ. ಯಾರೋ ಎಂದು ಹೆದರಬೇಡ, ಹಳ್ಳದ ಆಚೆಯಿಂದಲೇ ಸಿಳ್ಳೆ ಹಾಕುತ್ತೇನೆ.

ಮೂರು ವರ್ಷದಲ್ಲಿ ಹುಟ್ಟಿದ ಮರಿಗಳ ಮುಖ ನನಗೆ ಗೊತ್ತಿಲ್ಲ, ನಿನಗೆ ಇನ್ನು ಕಾಣುವುದಿಲ್ಲ. ನೀನು ಬೆನ್ನು ಮುಟ್ಟಿ ಹೆಸರು ಹೇಳು, ನಾನು ಮುಖ ನೋಡಿ ಕಲಿಯುತ್ತೇನೆ. ಎಲ್ಲವೂ ಒಳಗೆ ಹೋದ ಮೇಲೆ ಮೋಟುಕಿವಿಗಾಗಿ ಇಬ್ಬರೂ ಸ್ವಲ್ಪ ಹೊತ್ತು ಬಾಗಿಲು ತೆರೆದಿಡೋಣ.

ಅಲ್ಲಿಯವರೆಗೆ ಎರ್ರಿಸ್ವಾಮಿಯನ್ನು ಸಂಜೆ ಹೊತ್ತು ಬಾಗಿಲಿಗೆ ಕರೆ. ಬಂದು ನಿಲ್ಲಲಿ, ಮುಖ ನೋಡಲಿ.

ನೀನು ಎಣಿಸಬೇಡ ಅಕ್ಕ.

ಪ್ರಭು